ಜ್ಯಾಂಗೊ ಓಆರ್‌ಎಂ ಕಳಿಸುವ ಕ್ವೆರಿಗಳು ಲಾಗ್‌ನಲ್ಲಿ ಕಾಣುತ್ತಿಲ್ಲ, ಎಲ್ಲಿ ತಪ್ಪಿದೆ?

ಹೊಂಗೆಮರ:

ವೆಬ್ ಫ್ರೇಮ್‌ವರ್ಕ್ ಜ್ಯಾಂಗೊ 4.2, ಡೇಟಾಬೇಸ್ ಪೋಸ್ಟ್‌ಗ್ರೆಸ್ 15, ಎರಡನ್ನೂ ಜೋಡಿಸುವ ಡ್ರೈವರ್ ಸೈಕೊಪಿಜಿ 2. ಆರ್ಡರ್‌ಗಳ ಪಟ್ಟಿ ಕೊಡುವ ಎಪಿಐ ಒಂದಿದೆ. ರೆಸ್ಟ್ ಫ್ರೇಮ್‌ವರ್ಕ್‌ನಲ್ಲಿ ಬರೆದದ್ದು, ಪುಟಕ್ಕೆ 50 ಸಾಲು. ಪ್ರತಿ ಆರ್ಡರ್ ಜೊತೆ ಗ್ರಾಹಕರ ಹೆಸರು ಮತ್ತು ಆರ್ಡರ್‌ನ ಐಟಂಗಳು ಹೋಗಬೇಕು. ಲ್ಯಾಪ್‌ಟಾಪ್‌ನಲ್ಲಿ ಈ ಪುಟಕ್ಕೆ 0.6 ಸೆಕೆಂಡ್ ಹಿಡಿಯುತ್ತದೆ, ಸ್ಟೇಜಿಂಗ್‌ನಲ್ಲಿ (ಬಿಡುಗಡೆಗೆ ಮುಂಚೆ ಪರೀಕ್ಷಿಸುವ ಸರ್ವರ್) 2.4 ಸೆಕೆಂಡ್. ಕೋಡ್ ಅದೇ, ಡೇಟಾವೂ ಹೆಚ್ಚುಕಡಿಮೆ ಅಷ್ಟೇ.

ಊಹೆ ಮಾಡುತ್ತಾ ಕೂರುವ ಬದಲು ಓಆರ್‌ಎಂ (ಪೈಥಾನ್ ಕೋಡನ್ನು ಎಸ್‌ಕ್ಯೂಎಲ್ ಆಗಿ ಬದಲಿಸುವ ಜ್ಯಾಂಗೊದ ಭಾಗ) ಎಷ್ಟು ಕ್ವೆರಿ ಕಳಿಸುತ್ತಿದೆ, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತಿದೆ ಎಂದು ಕಣ್ಣಾರೆ ನೋಡಬೇಕು. ಅದಕ್ಕಾಗಿ ಸೆಟ್ಟಿಂಗ್ಸ್ ಫೈಲಿನ ಲಾಗಿಂಗ್ ಡಿಕ್ಷನರಿಯಲ್ಲಿ "ಜ್ಯಾಂಗೊ.ಡಿಬಿ.ಬ್ಯಾಕೆಂಡ್ಸ್" ಎಂಬ ಲಾಗರ್‌ಗೆ ಲೆವೆಲ್ "ಡೀಬಗ್" ಎಂದು ಹಾಕಿದೆ. ಸಂದೇಶವನ್ನು ಪರದೆಗೋ ಫೈಲಿಗೋ ಬರೆಯುವ ಹ್ಯಾಂಡ್ಲರ್ ಏನೂ ಕೊಟ್ಟಿಲ್ಲ. ಜ್ಯಾಂಗೊದ ಜೊತೆಗೇ ಬರುವ ಕನ್ಸೋಲ್ ಹ್ಯಾಂಡ್ಲರ್ ಸಾಕು ಅಂದುಕೊಂಡೆ. ರನ್‌ಸರ್ವರ್ ಶುರು ಮಾಡಿ ಎಪಿಐ ಕರೆದರೆ ಎಂದಿನಂತೆ ಗೆಟ್ ರಿಕ್ವೆಸ್ಟ್‌ನ ಒಂದು ಸಾಲು ಬರುತ್ತದೆ, ಎಸ್‌ಕ್ಯೂಎಲ್ ಮಾತ್ರ ಒಂದಕ್ಷರವೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಡೀಬಗ್ ಟ್ರೂ ಇದೆ, ಪರೀಕ್ಷಿಸಿದ್ದೇನೆ.

ತಿಳಿಯಬೇಕಾದದ್ದು ಇಷ್ಟು. ಲ್ಯಾಪ್‌ಟಾಪ್‌ನಲ್ಲೇ ಏಕೆ ಬರುತ್ತಿಲ್ಲ? ಸ್ಟೇಜಿಂಗ್‌ನಲ್ಲಿ ಡೀಬಗ್ ಫಾಲ್ಸ್, ಅಲ್ಲಿ ಇದನ್ನು ಮಾಡುವ ಸರಿಯಾದ ದಾರಿ ಯಾವುದು? ಕ್ವೆರಿ ಕಂಡರೂ ಅದು ನಮ್ಮ ಕೋಡ್‌ನ ಯಾವ ಸಾಲಿನಿಂದ ಹೊರಟಿತು ಎಂದು ಹೇಗೆ ಗೊತ್ತಾಗುತ್ತದೆ? ಟೆಸ್ಟ್ ಓಡಿಸುವಾಗಲೂ ಇದೇ ಕಥೆ, ಏನೂ ಬರುವುದಿಲ್ಲ.

ಬೆಳ್ಳಕ್ಕಿ:

ಒಂದು ಕ್ವೆರಿ ನಿಮ್ಮ ಪರದೆಗೆ ಬರಬೇಕಾದರೆ ನಾಲ್ಕು ಬಾಗಿಲು ದಾಟಬೇಕು. ನಿಮ್ಮದು ಮೂರನೆಯದರಲ್ಲಿ ನಿಂತಿದೆ.

ಮೊದಲನೆಯದು ಜ್ಯಾಂಗೊದ ಕನೆಕ್ಷನ್. ಸೆಟ್ಟಿಂಗ್ಸ್‌ನ ಡೀಬಗ್ ಟ್ರೂ ಇದ್ದರೆ, ಇಲ್ಲವೇ ಕನೆಕ್ಷನ್‌ನ "ಫೋರ್ಸ್_ಡೀಬಗ್_ಕರ್ಸರ್" ಟ್ರೂ ಇದ್ದರೆ ಮಾತ್ರ ಅದು ಸಮಯ ಅಳೆದು ಲಾಗ್ ಬರೆಯುವ ಕರ್ಸರ್ (ಕ್ವೆರಿ ಕಳಿಸಿ ಉತ್ತರ ತರುವ ಆಬ್ಜೆಕ್ಟ್) ಕೊಡುತ್ತದೆ. ಇಲ್ಲದಿದ್ದರೆ ಸಾದಾ ಕರ್ಸರ್. ಆಗ ಲಾಗ್ ಸಂದೇಶ ಹುಟ್ಟುವುದೇ ಇಲ್ಲ, ಲಾಗಿಂಗ್ ಡಿಕ್ಷನರಿಯಲ್ಲಿ ಏನು ಬರೆದರೂ ಪ್ರಯೋಜನವಿಲ್ಲ. ಸ್ಟೇಜಿಂಗ್‌ನಲ್ಲಿ ಆಗುವುದು ಇದು. ಸೆಟ್ಟಿಂಗ್ಸ್‌ನ ಡೀಬಗ್ ಬೇರೆ, ಲಾಗ್ ಲೆವೆಲ್‌ನ ಡೀಬಗ್ ಬೇರೆ. ಹೆಸರು ಒಂದೇ ಆದ್ದರಿಂದ ಬಹಳ ಜನ ಇಲ್ಲಿ ಎಡವುತ್ತಾರೆ.

ಎರಡನೆಯದು ಲಾಗರ್‌ನ ಲೆವೆಲ್. ಕ್ವೆರಿಗಳು ಡೀಬಗ್ ಲೆವೆಲ್‌ನಲ್ಲಿ ಬರುತ್ತವೆ, ಮೇಲಿನ "ಜ್ಯಾಂಗೊ" ಲಾಗರ್ ಇನ್ಫೊ ಲೆವೆಲ್‌ನಲ್ಲಿದೆ. ನೀವು ಅದರ ಕೆಳಗಿನ ಲಾಗರ್‌ನ ಲೆವೆಲ್ ಬದಲಿಸಿದ್ದೀರಿ, ಇದು ಸರಿಯಾಗಿದೆ.

ಮೂರನೆಯದು ಹ್ಯಾಂಡ್ಲರ್‌ನ ಲೆವೆಲ್. ನಿಮ್ಮ ಲಾಗರ್‌ಗೆ ಸ್ವಂತ ಹ್ಯಾಂಡ್ಲರ್ ಇಲ್ಲ, ಆದ್ದರಿಂದ ಸಂದೇಶ ಮೇಲಕ್ಕೆ ಹರಿದು "ಜ್ಯಾಂಗೊ" ಲಾಗರ್‌ನ ಕನ್ಸೋಲ್ ಹ್ಯಾಂಡ್ಲರ್‌ಗೆ ಹೋಗುತ್ತದೆ. ಹೀಗೆ ಹರಿಯುವಾಗ ಪೈಥಾನ್ ಮೇಲಿನ ಲಾಗರ್‌ನ ಲೆವೆಲ್ ನೋಡುವುದಿಲ್ಲ, ಆದರೆ ಹ್ಯಾಂಡ್ಲರ್‌ನ ಲೆವೆಲ್ ನೋಡುತ್ತದೆ. ಆ ಹ್ಯಾಂಡ್ಲರ್‌ನ ಲೆವೆಲ್ ಇನ್ಫೊ. ಡೀಬಗ್ ಸಂದೇಶ ಅಲ್ಲೇ ಬಿದ್ದುಹೋಗುತ್ತದೆ.

ನಾಲ್ಕನೆಯದು ಅದೇ ಹ್ಯಾಂಡ್ಲರ್‌ನಲ್ಲಿರುವ "ರಿಕ್ವೈರ್_ಡೀಬಗ್_ಟ್ರೂ" ಫಿಲ್ಟರ್. ಫೋರ್ಸ್_ಡೀಬಗ್_ಕರ್ಸರ್ ಹಚ್ಚಿ ಮೊದಲ ಬಾಗಿಲು ತೆರೆದರೂ, ಡೀಬಗ್ ಫಾಲ್ಸ್ ಇದ್ದಲ್ಲಿ ಈ ಫಿಲ್ಟರ್ ತಡೆಯುತ್ತದೆ.

ಲ್ಯಾಪ್‌ಟಾಪ್‌ಗೆ ಪರಿಹಾರ: ನಿಮ್ಮದೇ ಒಂದು ಹ್ಯಾಂಡ್ಲರ್ ಬರೆಯಿರಿ. ಕ್ಲಾಸ್ ಲಾಗಿಂಗ್‌ನ ಸ್ಟ್ರೀಮ್‌ಹ್ಯಾಂಡ್ಲರ್, ಲೆವೆಲ್ ಡೀಬಗ್, ಫಿಲ್ಟರ್ ಬೇಡ. ಜ್ಯಾಂಗೊ.ಡಿಬಿ.ಬ್ಯಾಕೆಂಡ್ಸ್ ಲಾಗರ್‌ನ ಹ್ಯಾಂಡ್ಲರ್ಸ್ ಪಟ್ಟಿಯಲ್ಲಿ ಅದನ್ನು ಸೇರಿಸಿ, "ಪ್ರೊಪಗೇಟ್" ಫಾಲ್ಸ್ ಮಾಡಿ. ಪ್ರೊಪಗೇಟ್ ಹಾಗೇ ಬಿಟ್ಟರೆ, ಮುಂದೆ ಯಾರಾದರೂ ರೂಟ್ ಲಾಗರ್‌ಗೆ ಡೀಬಗ್ ಹ್ಯಾಂಡ್ಲರ್ ಹಾಕಿದ ದಿನ ಪ್ರತಿ ಕ್ವೆರಿಯೂ ಎರಡೆರಡು ಸಲ ಬರುತ್ತದೆ, ಅದನ್ನು ನೋಡಿ ಕ್ವೆರಿಯೇ ಎರಡು ಸಲ ಹೋಗುತ್ತಿದೆ ಎಂದು ಹುಡುಕಾಟ ಶುರುವಾಗುತ್ತದೆ. ಡಿಕ್ಷನರಿಯ ಮೇಲ್ಭಾಗದಲ್ಲಿ "ಡಿಸೇಬಲ್_ಎಕ್ಸಿಸ್ಟಿಂಗ್_ಲಾಗರ್ಸ್" ಫಾಲ್ಸ್ ಇರಲಿ. ಬರೆಯದಿದ್ದರೆ ಪೈಥಾನ್ ಅದನ್ನು ಟ್ರೂ ಎಂದೇ ತೆಗೆದುಕೊಳ್ಳುತ್ತದೆ.

ಇಷ್ಟು ಮಾಡಿದರೆ ಸಾಲುಗಳು ಹೀಗೆ ಬರುತ್ತವೆ: ಆವರಣದಲ್ಲಿ ಸೆಕೆಂಡ್, ಉದಾಹರಣೆಗೆ (0.004), ಆಮೇಲೆ ಎಸ್‌ಕ್ಯೂಎಲ್, ಆಮೇಲೆ ಆರ್ಗ್ಸ್, ಕೊನೆಗೆ ಯಾವ ಡೇಟಾಬೇಸ್ ಎಂದು ಹೇಳುವ ಅಲಿಯಾಸ್. 4.2ರಿಂದ ಬಿಗಿನ್, ಕಮಿಟ್, ರೋಲ್‌ಬ್ಯಾಕ್‌ಗಳೂ ಲಾಗ್ ಆಗುತ್ತವೆ. ಫಾರ್ಮ್ಯಾಟರ್‌ನಲ್ಲಿ "ಡ್ಯುರೇಶನ್" ಎಂಬ ಫೀಲ್ಡನ್ನು ಪ್ರತ್ಯೇಕವಾಗಿ ತೆಗೆಯುವ ಆಸೆ ಬೇಡ. ಮೈಗ್ರೇಟ್ ಓಡಿಸುವಾಗ ಜ್ಯಾಂಗೊ.ಡಿಬಿ.ಬ್ಯಾಕೆಂಡ್ಸ್.ಸ್ಕೀಮಾ ಎಂಬ ಮರಿ ಲಾಗರ್‌ನಿಂದಲೂ ಸಂದೇಶ ಇದೇ ಹ್ಯಾಂಡ್ಲರ್‌ಗೆ ಬರುತ್ತದೆ, ಅದರಲ್ಲಿ ಡ್ಯುರೇಶನ್ ಇರುವುದಿಲ್ಲ, ಪರದೆ ತುಂಬ ಲಾಗಿಂಗ್ ಎರರ್ ಸುರಿಯುತ್ತದೆ. ಸಮಯ ಹೇಗೂ ಸಂದೇಶದಲ್ಲೇ ಇದೆ.

ಸ್ಟೇಜಿಂಗ್‌ನಲ್ಲಿ ಡೀಬಗ್ ಟ್ರೂ ಮಾಡಬೇಡಿ. ತಪ್ಪಾದಾಗ ಬರುವ ಹಳದಿ ಪುಟ ಒಳಗಿನ ವಿವರಗಳನ್ನೆಲ್ಲ ಹೊರಗೆ ತೋರಿಸುತ್ತದೆ. ಅದಲ್ಲದೆ ಪ್ರತಿ ಕನೆಕ್ಷನ್ ತನ್ನ ಕೊನೆಯ 9000 ಕ್ವೆರಿಗಳ ಪೂರ್ತಿ ಪಠ್ಯವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ವೆಬ್ ರಿಕ್ವೆಸ್ಟ್ ಶುರುವಾದಾಗ ಆ ಪಟ್ಟಿ ಖಾಲಿಯಾಗುತ್ತದೆ. ಆದರೆ ಮ್ಯಾನೇಜ್‌ಮೆಂಟ್ ಕಮಾಂಡ್‌ಗಳಲ್ಲಿ ರಿಕ್ವೆಸ್ಟ್ ಎಂಬುದೇ ಇಲ್ಲ, ಪಟ್ಟಿ ತುಂಬುತ್ತಲೇ ಹೋಗುತ್ತದೆ. ಬಲ್ಕ್ ಕ್ರಿಯೇಟ್‌ನಂಥ ಉದ್ದದ ಕ್ವೆರಿಗಳಿದ್ದರೆ ನೂರಾರು ಎಂಬಿ ಹೀಗೇ ಹೋಗುತ್ತದೆ.

ಅಲ್ಲಿಗೆ ಬೇಕಾದದ್ದು ಜ್ಯಾಂಗೊ 2.0ರಿಂದ ಇರುವ "ಎಕ್ಸಿಕ್ಯೂಟ್_ರ‍್ಯಾಪರ್". ಪ್ರತಿ ಕ್ವೆರಿಯನ್ನೂ ನಿಮ್ಮದೊಂದು ಫಂಕ್ಷನ್ ಮೂಲಕ ಹಾಯಿಸುವ ಸೌಲಭ್ಯ ಅದು, ಡೀಬಗ್‌ಗೂ ಅದಕ್ಕೂ ಸಂಬಂಧವಿಲ್ಲ. ಎಕ್ಸಿಕ್ಯೂಟ್, ಎಸ್‌ಕ್ಯೂಎಲ್, ಪ್ಯಾರಮ್ಸ್, ಮೆನಿ, ಕಾಂಟೆಕ್ಸ್ಟ್ ಎಂಬ ಐದು ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಒಂದು ಫಂಕ್ಷನ್ ಬರೆಯಿರಿ. ಒಳಗೆ ಟೈಮ್ ಮಾಡ್ಯೂಲಿನ ಪರ್ಫ್_ಕೌಂಟರ್ ನೋಡಿಕೊಂಡು, ಟ್ರೈ ಬ್ಲಾಕ್‌ನಲ್ಲಿ ಎಕ್ಸಿಕ್ಯೂಟ್ ಅನ್ನು ಉಳಿದ ನಾಲ್ಕರೊಂದಿಗೆ ಕರೆದು ಬಂದ ಉತ್ತರವನ್ನು ರಿಟರ್ನ್ ಮಾಡಿ. ಫೈನಲಿ ಬ್ಲಾಕ್‌ನಲ್ಲಿ ಕಳೆದ ಸಮಯ ಮತ್ತು ಎಸ್‌ಕ್ಯೂಎಲ್ ಅನ್ನು ಒಂದು ಪಟ್ಟಿಗೆ ಸೇರಿಸಿ. ಫೈನಲಿ ಏಕೆಂದರೆ, ಟೈಮ್‌ಔಟ್ ಆಗಿ ಸತ್ತ ಕ್ವೆರಿಯೇ ನಿಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುತ್ತದೆ. ಒಂದು ಮಿಡಲ್‌ವೇರ್ (ಪ್ರತಿ ರಿಕ್ವೆಸ್ಟ್ ಹಾದುಹೋಗುವ ಪದರ) ಬರೆದು, ಗೆಟ್_ರೆಸ್ಪಾನ್ಸ್ ಕರೆಯುವ ಸಾಲನ್ನು ಈ ರ‍್ಯಾಪರ್‌ನ ವಿತ್ ಬ್ಲಾಕ್ ಒಳಗಿಡಿ. ಸೆಷನ್ ಮತ್ತು ಯೂಸರ್ ಕ್ವೆರಿಗಳೂ ಸಿಗಬೇಕಾದರೆ ಅದು ಮಿಡಲ್‌ವೇರ್ ಪಟ್ಟಿಯ ಮೇಲ್ತುದಿಯಲ್ಲಿರಬೇಕು.

ಪ್ಯಾರಮ್ಸ್, ಅಂದರೆ ಕ್ವೆರಿಗೆ ಕೊಟ್ಟ ಮೌಲ್ಯಗಳನ್ನು, ಲಾಗ್ ಮಾಡಬೇಡಿ. ಫೋನ್ ನಂಬರ್, ವಿಳಾಸ, ಸೆಷನ್ ಕೀ ಎಲ್ಲವೂ ಅದರಲ್ಲೇ ಇರುತ್ತವೆ, ಲಾಗ್ ಫೈಲ್ ಎಲ್ಲೆಲ್ಲಿ ನಕಲಾಗುತ್ತದೆ ಎಂಬುದು ಯಾರ ಕೈಯಲ್ಲೂ ಇರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಇದನ್ನು ಹಗುರವಾಗಿ ಕಾಣುವಂತಿಲ್ಲ. ರ‍್ಯಾಪರ್‌ಗೆ ಬರುವ ಎಸ್‌ಕ್ಯೂಎಲ್‌ನಲ್ಲಿ ಆ ಮೌಲ್ಯಗಳ ಜಾಗದಲ್ಲಿ ಶೇಕಡಾ ಗುರುತು ಮತ್ತು ಎಸ್ ಮಾತ್ರ ಇರುತ್ತದೆ. ಅದರಿಂದ ಇನ್ನೊಂದು ಲಾಭವಿದೆ. ಆ ಪಠ್ಯವನ್ನೇ ಕೀ ಮಾಡಿ ಕೌಂಟರ್‌ನಲ್ಲಿ ಎಣಿಸಿದರೆ ಒಂದೇ ಆಕಾರದ ಕ್ವೆರಿ 50 ಸಲ ಹೋಗಿದ್ದು ತಾನಾಗಿಯೇ ಎದ್ದು ಕಾಣುತ್ತದೆ. ರಿಕ್ವೆಸ್ಟ್ ಮುಗಿದಾಗ ಒಂದೇ ಸಾಲು ಬರೆಯಿರಿ: ಪಾತ್, ಒಟ್ಟು ಕ್ವೆರಿ, ಒಟ್ಟು ಸಮಯ, ಅತಿ ಹೆಚ್ಚು ಸಲ ಬಂದ ಆಕಾರ ಮತ್ತು ಅದರ ಎಣಿಕೆ.

ಜೋಳದರೊಟ್ಟಿ:

ಬೆಳ್ಳಕ್ಕಿ ಅವರು ಹೇಳಿದ್ದಕ್ಕ ಎರಡು ಮಾತು ಸೇರಸ್ತೀನಿ. ಒಂದಕ್ಕಿಂತ ಹೆಚ್ಚು ಡೇಟಾಬೇಸ್ ಇದ್ರ, "ಕನೆಕ್ಷನ್" ಅನ್ನೋದು ಡಿಫಾಲ್ಟ್ ಒಂದಕ್ಕ ಅಷ್ಟ ನೋಡ್ರಿ. ಓದೋ ಕ್ವೆರಿ ರೆಪ್ಲಿಕಾಕ್ಕ (ಡೇಟಾಬೇಸ್‌ನ ನಕಲು) ಹೋಗ್ತಿದ್ರ ರ‍್ಯಾಪರ್‌ಗೆ ಏನೂ ಸಿಗಂಗಿಲ್ಲ. "ಕನೆಕ್ಷನ್ಸ್.ಆಲ್" ಕೊಡೋ ಎಲ್ಲಾ ಕನೆಕ್ಷನ್‌ಗೂ ಎಕ್ಸಿಟ್‌ಸ್ಟ್ಯಾಕ್ ಬಳಸಿ ರ‍್ಯಾಪರ್ ಹಚ್ರಿ. ಎರಡನೇದು, ಸ್ಟ್ರೀಮಿಂಗ್ ರೆಸ್ಪಾನ್ಸ್. ಸಿಎಸ್‌ವಿ ಡೌನ್‌ಲೋಡ್‌ನಂಥ ವ್ಯೂ ಇದ್ರ, ಸಾಲುಗಳನ್ನ ಓದೋದು ಮಿಡಲ್‌ವೇರ್‌ನ ವಿತ್ ಬ್ಲಾಕ್ ಮುಗದ ಮ್ಯಾಲ. ಅಲ್ಲಿ "0 ಕ್ವೆರಿ" ಅಂತ ಬಂದ್ರ ನಂಬಬ್ಯಾಡ್ರಿ.

ಲ್ಯಾಪ್‌ಟಾಪ್‌ನ್ಯಾಗ ಕೈಯಾಡ್ಸಿ ನೋಡೋಕ ಜ್ಯಾಂಗೊ ಎಕ್ಸ್‌ಟೆನ್ಶನ್ಸ್‌ನ ಶೆಲ್_ಪ್ಲಸ್ ಚಲೋ. ಪ್ರಿಂಟ್-ಎಸ್‌ಕ್ಯೂಎಲ್ ಅನ್ನೋ ಆಯ್ಕೆ ಕೊಟ್ಟು ಶುರು ಮಾಡಿದ್ರ, ನೀವು ಟೈಪ್ ಮಾಡಿದ ಪ್ರತಿ ಸಾಲಿಗೂ ಯಾವ ಕ್ವೆರಿ ಹೋತು ಅಂತ ಅಲ್ಲೇ ಕಾಣ್ತದ. ಡೀಬಗ್ ಟೂಲ್‌ಬಾರ್ ಎಲ್ಲಾರೂ ಹೇಳ್ತಾರ, ಆದ್ರ ಅದು ಎಚ್‌ಟಿಎಂಎಲ್ ಪುಟದ ಬಾಡಿಯೊಳಗ ತನ್ನನ್ನ ಸೇರಿಸ್ಕೊಳ್ಳೋದು. ಬರೇ ಜೇಸನ್ ಕೊಡೋ ಎಪಿಐಗೆ ಕಾಣಂಗಿಲ್ಲ. ರೆಸ್ಟ್ ಫ್ರೇಮ್‌ವರ್ಕ್‌ನ ಬ್ರೌಸ್ ಮಾಡೋ ಪುಟದಾಗ ಅದೇ ಎಪಿಐ ತಗದ್ರ ಟೂಲ್‌ಬಾರ್ ಬರ್ತದ. ಸಿಲ್ಕ್ ಅಂತ ಇನ್ನೊಂದದ, ಜೇಸನ್‌ಗೂ ನಡೀತದ. ಆದ್ರ ಅದು ಪ್ರತಿ ರಿಕ್ವೆಸ್ಟ್‌ನೂ ನಿಮ್ಮ ಡೇಟಾಬೇಸ್‌ನ್ಯಾಗೇ ಬರದಿಡ್ತದ. ಎಷ್ಟು ದಾಖಲೆ ಇಡಬೇಕು ಅನ್ನೋ ಮಿತಿ ಸಣ್ಣದ ಇಡ್ರಿ, ಇಲ್ಲಂದ್ರ ಟೇಬಲ್ ದೊಡ್ಡದಾಗ್ತದ.

ಕ್ವೆರಿಸೆಟ್‌ನ "ಕ್ವೆರಿ" ಪ್ರಿಂಟ್ ಮಾಡಿ ಅದನ್ನ ಪೋಸ್ಟ್‌ಗ್ರೆಸ್‌ನ ಕಮಾಂಡ್ ಸಾಧನ ಪಿಎಸ್‌ಕ್ಯೂಎಲ್‌ಗೆ ಅಂಟಿಸೋರು ಭಾಳ ಮಂದಿ. ಅದು ಡೇಟಾಬೇಸ್‌ಗೆ ಹೋದ ಪಠ್ಯ ಅಲ್ಲ. ಸ್ಟ್ರಿಂಗ್, ದಿನಾಂಕ ಯಾವುದಕ್ಕೂ ಉದ್ಧರಣ ಚಿಹ್ನೆ ಇರಂಗಿಲ್ಲ, ಅಂಟಿಸಿದ್ರ ಸಿಂಟ್ಯಾಕ್ಸ್ ಎರರ್ ಬರ್ತದ. ಡೇಟಾಬೇಸ್ ಕ್ವೆರಿ ಹ್ಯಾಂಗ ಓಡಸ್ತದ ಅನ್ನೋ ಪ್ಲಾನ್ ಬೇಕಂದ್ರ ಕ್ವೆರಿಸೆಟ್‌ನ ಮ್ಯಾಲೇ ಎಕ್ಸ್‌ಪ್ಲೇನ್ ಕರೀರಿ. ಅನಲೈಸ್ ಟ್ರೂ ಕೊಟ್ರ ಕ್ವೆರಿ ಖರೇನ ಓಡ್ತದ ಅನ್ನೋದು ನೆನಪಿರ್ಲಿ.

ಹೊಂಗೆಮರ:

ಇಬ್ಬರಿಗೂ ಧನ್ಯವಾದ. ಹ್ಯಾಂಡ್ಲರ್ ಸೇರಿಸಿದ ತಕ್ಷಣ ಲ್ಯಾಪ್‌ಟಾಪ್‌ನಲ್ಲಿ ಕಾಣಿಸಿತು. ಸ್ಟೇಜಿಂಗ್‌ನಲ್ಲಿ ಮಿಡಲ್‌ವೇರ್ ಹಾಕಿ ನೋಡಿದರೆ ಒಂದು ಪುಟಕ್ಕೆ ಒಟ್ಟು 104 ಕ್ವೆರಿ: ಸೆಷನ್ 1, ಯೂಸರ್ 1, ಕೌಂಟ್ 1, ಪಟ್ಟಿ 1, ಗ್ರಾಹಕ 50, ಐಟಂ 50. ಎಣಿಸಿದ ಸಮಯದ ಮೊತ್ತ 1.3 ಸೆಕೆಂಡ್.

ಇನ್ನೆರಡು ಗೊಂದಲ ಉಳಿದಿವೆ. ಗ್ರಾಹಕರ ಕ್ವೆರಿ ಪ್ರೈಮರಿ ಕೀ ಮೇಲೆ ಒಂದೇ ಸಾಲು ತರುವಂಥದ್ದು, ಆದರೂ ಪ್ರತಿಯೊಂದಕ್ಕೂ 11ರಿಂದ 12 ಮಿಲಿಸೆಕೆಂಡ್ ತೋರಿಸುತ್ತಿದೆ. ಲ್ಯಾಪ್‌ಟಾಪ್‌ನಲ್ಲಿ ಅದೇ ಕ್ವೆರಿ 1 ಮಿಲಿಸೆಕೆಂಡ್ ಒಳಗೆ ಮುಗಿಯುತ್ತದೆ. ಇಂಡೆಕ್ಸ್ ಎರಡೂ ಕಡೆ ಇದೆ. ಮತ್ತೊಂದು, ರಿಕ್ವೆಸ್ಟ್‌ಗೆ 2.4 ಸೆಕೆಂಡ್ ಹಿಡಿಯುತ್ತಿರುವಾಗ ಕ್ವೆರಿಗಳದ್ದು 1.3 ಮಾತ್ರ. ಉಳಿದ 1.1 ಎಲ್ಲಿ ಹೋಯಿತು?

ತುಂಗಾದಡ:

ಮೊದಲ ಗೊಂದಲಕ್ಕೆ ಡೇಟಾಬೇಸ್ ಕಡೆಯ ಲಾಗ್ ಬೇಕು. ಆಪ್ ಹೇಳುವುದು ತಾನು ಕಾದ ಸಮಯ, ಪೋಸ್ಟ್‌ಗ್ರೆಸ್ ಹೇಳುವುದು ತಾನು ದುಡಿದ ಸಮಯ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ನಡುವಿನ ದಾರಿಯ ಖರ್ಚು ಗೊತ್ತಾಗುತ್ತದೆ.

ಪೋಸ್ಟ್‌ಗ್ರೆಸ್‌ನ "ಲಾಗ್_ಮಿನ್_ಡ್ಯುರೇಶನ್_ಸ್ಟೇಟ್‌ಮೆಂಟ್" ಮೊದಲಿಗೆ -1 ಇರುತ್ತದೆ, ಅಂದರೆ ಬಂದ್. 0 ಕೊಟ್ಟರೆ ಎಲ್ಲ ಕ್ವೆರಿಗಳೂ ಸಮಯದೊಂದಿಗೆ ಬರುತ್ತವೆ, 250 ಕೊಟ್ಟರೆ 250 ಮಿಲಿಸೆಕೆಂಡ್ ಮುಟ್ಟಿದವು ಮಾತ್ರ. ಇಡೀ ಸರ್ವರ್‌ಗೆ 0 ಹಾಕಬೇಡಿ. ಸ್ಟೇಜಿಂಗ್ ಆಪ್ ಬಳಸುವ ರೋಲ್ ಒಂದಕ್ಕೇ ಆಲ್ಟರ್ ರೋಲ್ ಮೂಲಕ ಹತ್ತು ನಿಮಿಷ 0 ಮಾಡಿ, ಆಮೇಲೆ ರೀಸೆಟ್ ಮಾಡಿ. ಇದಕ್ಕೆ ಸೂಪರ್‌ಯೂಸರ್ ಹಕ್ಕು, ಇಲ್ಲವೇ ಈ ಸೆಟ್ಟಿಂಗ್ ಬದಲಿಸುವ ಅನುಮತಿ ಬೇಕು. ಆಲ್ಟರ್ ರೋಲ್‌ನ ಬದಲಾವಣೆ ಹೊಸ ಕನೆಕ್ಷನ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಹಾಗಾಗಿ ಆಪ್‌ನ ಕನೆಕ್ಷನ್‌ಗಳು ಹಳೆಯವೇ ಉಳಿದಿದ್ದರೆ ರೀಸ್ಟಾರ್ಟ್ ಮಾಡಿ. "ಲಾಗ್_ಸ್ಟೇಟ್‌ಮೆಂಟ್" ಎಂಬ ಇನ್ನೊಂದು ಸೆಟ್ಟಿಂಗನ್ನು ಇದರ ಬದಲು ಬಳಸಬೇಡಿ, ಅದು ಪಠ್ಯ ಬರೆಯುತ್ತದೆ, ಸಮಯ ಬರೆಯುವುದಿಲ್ಲ.

ಯಾವ ಆಪ್‌ನ ಕ್ವೆರಿ ಎಂದು ಗುರುತಿಸಲು ಜ್ಯಾಂಗೊದ ಡೇಟಾಬೇಸಸ್ ಸೆಟ್ಟಿಂಗ್‌ನ ಆಪ್ಶನ್ಸ್ ಒಳಗೆ "ಅಪ್ಲಿಕೇಶನ್_ನೇಮ್" ಕೊಡಿ. ವೆಬ್‌ಗೆ ಒಂದು ಹೆಸರು, ಹಿನ್ನೆಲೆಯ ವರ್ಕರ್‌ಗೆ ಇನ್ನೊಂದು. ಪೋಸ್ಟ್‌ಗ್ರೆಸ್‌ನ "ಲಾಗ್_ಲೈನ್_ಪ್ರಿಫಿಕ್ಸ್"ನಲ್ಲಿ ಶೇಕಡಾ ಗುರುತಿನ ಜೊತೆ ಎ ಅಕ್ಷರ ಸೇರಿಸಿದರೆ ಆ ಹೆಸರು ಪ್ರತಿ ಸಾಲಿನಲ್ಲೂ ಬರುತ್ತದೆ. ಸಮಯಕ್ಕೆ ಎಂ, ಪ್ರೊಸೆಸ್ ಸಂಖ್ಯೆಗೆ ಪಿ.

ಒಂದು ಎಚ್ಚರಿಕೆ. ಪೋಸ್ಟ್‌ಗ್ರೆಸ್ 13ರಲ್ಲಿ ಬಂದ "ಲಾಗ್_ಪ್ಯಾರಾಮೀಟರ್_ಮ್ಯಾಕ್ಸ್_ಲೆಂತ್" ಅನ್ನು 0 ಮಾಡಿದರೆ ಮೌಲ್ಯಗಳು ಲಾಗ್‌ಗೆ ಬರುವುದಿಲ್ಲ ಎಂಬ ನಂಬಿಕೆ ಇದೆ. ಮೌಲ್ಯಗಳು ಪ್ರತ್ಯೇಕವಾಗಿ ಸರ್ವರ್‌ಗೆ ಬಂದಾಗ ಅದು ನಿಜ. ಸೈಕೊಪಿಜಿ 2 ಮೌಲ್ಯಗಳನ್ನು ಕ್ಲೈಂಟ್ ಕಡೆಯೇ ಎಸ್‌ಕ್ಯೂಎಲ್ ಪಠ್ಯಕ್ಕೆ ಹೊಲಿದು ಕಳಿಸುತ್ತದೆ, ಆದ್ದರಿಂದ ಪೋಸ್ಟ್‌ಗ್ರೆಸ್‌ಗೆ ಅವು ಪಠ್ಯದ ಭಾಗವೇ. ಸೈಕೊಪಿಜಿ 3 ಹಾಕಿಕೊಂಡರೂ ಜ್ಯಾಂಗೊ ತಾನಾಗಿ ಇದೇ ರೀತಿ ಮಾಡುತ್ತದೆ. "ಸರ್ವರ್_ಸೈಡ್_ಬೈಂಡಿಂಗ್" ಟ್ರೂ ಮಾಡಿದರೆ ಮಾತ್ರ ಬೇರೆ. ಹತ್ತು ನಿಮಿಷ ಮುಗಿದ ಮೇಲೆ ಆ ಲಾಗ್ ಫೈಲನ್ನೂ ನೆನಪಿಟ್ಟು ವಿಲೇವಾರಿ ಮಾಡಿ.

ಈಗ ಹೋಲಿಕೆ. ನಿಮ್ಮ ಗ್ರಾಹಕ ಕ್ವೆರಿಗೆ ಪೋಸ್ಟ್‌ಗ್ರೆಸ್ 0.1 ಅಥವಾ 0.2 ಮಿಲಿಸೆಕೆಂಡ್ ಎಂದು, ಆಪ್ 12 ಎಂದು ಹೇಳಿದರೆ ಉಳಿದದ್ದೆಲ್ಲ ಹೋಗಿಬರುವ ದಾರಿಯದ್ದು. ಆಪ್ ಸರ್ವರ್ ಒಂದು ಊರಿನಲ್ಲಿ, ಡೇಟಾಬೇಸ್ ಇನ್ನೊಂದು ಊರಿನಲ್ಲಿ ಇದ್ದರೆ ಇದು ಸಹಜ. ಲ್ಯಾಪ್‌ಟಾಪ್‌ನಲ್ಲಿ ಎರಡೂ ಒಂದೇ ಯಂತ್ರದಲ್ಲಿರುವುದರಿಂದ 100 ಸಲ ಹೋಗಿಬಂದರೂ ಗೊತ್ತಾಗುವುದಿಲ್ಲ. ದೂರದಲ್ಲಿ ಅದೇ 100 × 12, ಅಂದರೆ 1.2 ಸೆಕೆಂಡ್. ನಡುವೆ ಪಿಜಿಬೌನ್ಸರ್ (ಡೇಟಾಬೇಸ್ ಕನೆಕ್ಷನ್‌ಗಳನ್ನು ಹಂಚುವ ಮಧ್ಯವರ್ತಿ) ಇದ್ದು ಕನೆಕ್ಷನ್ ಸಿಗದೆ ಸರದಿ ನಿಂತಿದ್ದರೂ ಹೀಗೇ ಕಾಣುತ್ತದೆ, ಆದರೆ ಆಗ ಸಮಯ ಒಂದೇ ಸಮ ಇರುವುದಿಲ್ಲ, ಒಂದು 1, ಇನ್ನೊಂದು 80 ಹೀಗೆ ಏರುಪೇರಾಗುತ್ತದೆ. ನಿಮ್ಮದು ಎಲ್ಲವೂ 11–12, ದೂರವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಪೋಸ್ಟ್‌ಗ್ರೆಸ್‌ನ ಲಾಗ್‌ನಲ್ಲೂ ಸಮಯ ಹೆಚ್ಚೇ ಇದ್ದು ಎಕ್ಸ್‌ಪ್ಲೇನ್ ಮಾತ್ರ ಚುರುಕಾಗಿದ್ದರೆ ಲಾಕ್‌ಗೆ ಕಾಯುತ್ತಿದೆಯೇ ನೋಡಿ. "ಲಾಗ್_ಲಾಕ್_ವೇಟ್ಸ್" ಆನ್ ಮಾಡಿದರೆ, ಡೆಡ್‌ಲಾಕ್_ಟೈಮ್‌ಔಟ್ ಮೀರಿ, ಅಂದರೆ ಬದಲಿಸದಿದ್ದರೆ 1 ಸೆಕೆಂಡ್ ಮೀರಿ, ಕಾದವರ ಹೆಸರು ಬರುತ್ತದೆ.

ದಿನವಿಡೀ ಲಾಗ್ ಬರೆಯದೆ ಇದೇ ಮಾಹಿತಿ ಬೇಕಾದರೆ ಕ್ವೆರಿಗಳ ಎಣಿಕೆ, ಸಮಯ ಕೂಡಿಸಿಡುವ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಇದೆ. "ಶೇರ್ಡ್_ಪ್ರೀಲೋಡ್_ಲೈಬ್ರರೀಸ್"ಗೆ ಸೇರಿಸಿ ಸರ್ವರ್ ಒಮ್ಮೆ ರೀಸ್ಟಾರ್ಟ್ ಮಾಡಬೇಕು, ಆಮೇಲೆ ಕ್ರಿಯೇಟ್ ಎಕ್ಸ್‌ಟೆನ್ಶನ್. ಸರಾಸರಿ ಸಮಯದ ಮೇಲೆ ವಿಂಗಡಿಸುವುದು ಎಲ್ಲರ ರೂಢಿ. ಓಆರ್‌ಎಂ ರೋಗ ಹಿಡಿಯಲು "ಕಾಲ್ಸ್" ಕಾಲಂ ಮೇಲೆ ವಿಂಗಡಿಸಿ. 0.2 ಮಿಲಿಸೆಕೆಂಡ್‌ನ ಕ್ವೆರಿ ಸರಾಸರಿಯ ಪಟ್ಟಿಯಲ್ಲಿ ಎಂದೂ ಮೇಲೆ ಬರುವುದಿಲ್ಲ.

ಬೆಳ್ಳಕ್ಕಿ:

ಉಳಿದ 1.1 ಸೆಕೆಂಡ್ ಬಗ್ಗೆ. ರ‍್ಯಾಪರ್ ಆಗಲಿ ಜ್ಯಾಂಗೊದ ಡೀಬಗ್ ಕರ್ಸರ್ ಆಗಲಿ ಅಳೆಯುವುದು ಎಕ್ಸಿಕ್ಯೂಟ್ ಕರೆಯನ್ನು ಮಾತ್ರ. ಸೈಕೊಪಿಜಿಯ ಮಾಮೂಲಿ ಕರ್ಸರ್ ಎಕ್ಸಿಕ್ಯೂಟ್ ಒಳಗೇ ಫಲಿತಾಂಶವನ್ನೆಲ್ಲ ಕ್ಲೈಂಟ್‌ಗೆ ತಂದುಕೊಳ್ಳುತ್ತದೆ, ಆದ್ದರಿಂದ ಸಾಗಣೆಯ ಸಮಯ ಲೆಕ್ಕಕ್ಕೆ ಸಿಗುತ್ತದೆ. ಸಾಲುಗಳಿಂದ ಮಾಡೆಲ್ ಆಬ್ಜೆಕ್ಟ್ ಕಟ್ಟುವುದು, ಜೇಸನ್ ಫೀಲ್ಡ್ ಬಿಡಿಸುವುದು, ಆಬ್ಜೆಕ್ಟ್‌ಗಳನ್ನು ಜೇಸನ್ ಮಾಡುವ ಸೀರಿಯಲೈಸರ್‌ನ ಕೆಲಸ, ಇವು ಯಾವುವೂ ಸಿಗುವುದಿಲ್ಲ. ಇಟರೇಟರ್ ಬಳಸಿದಲ್ಲಿ ಇನ್ನೂ ಮೋಸ: ಸರ್ವರ್ ಕಡೆಯ ಕರ್ಸರ್ ತೆರೆದ ಸಮಯ ಮಾತ್ರ ಲಾಗ್ ಆಗುತ್ತದೆ, ಆಮೇಲೆ ಕಂತುಕಂತಾಗಿ ತರುವುದು ಕಾಣುವುದೇ ಇಲ್ಲ. ಕನೆಕ್ಷನ್ ತೆರೆಯುವ ಖರ್ಚೂ ಕ್ವೆರಿ ಲಾಗ್‌ನಲ್ಲಿಲ್ಲ. "ಕಾನ್_ಮ್ಯಾಕ್ಸ್_ಏಜ್" ಮೊದಲಿಗೆ 0, ಅಂದರೆ ಪ್ರತಿ ರಿಕ್ವೆಸ್ಟ್‌ಗೂ ಹೊಸ ಕನೆಕ್ಷನ್. ತುಂಗಾದಡ ಹೇಳಿದ ದೂರ ನಿಜವಾದರೆ ಟಿಎಲ್‌ಎಸ್ ಮತ್ತು ಪಾಸ್‌ವರ್ಡ್ ಮಾತುಕತೆಗೆ ಹಲವು ಸಲ ಹೋಗಿಬರಬೇಕು. 60 ಹಾಕಿ ನೋಡಿ.

ಆದರೆ ಇದೆಲ್ಲ ಸೇರಿದರೂ 1.1 ಆಗುವುದು ಕಷ್ಟ. ಆರ್ಡರ್ ಟೇಬಲ್‌ನಲ್ಲಿ ದೊಡ್ಡ ಜೇಸನ್ ಅಥವಾ ಟೆಕ್ಸ್ಟ್ ಕಾಲಂ ಇದೆಯೇ ನೋಡಿ, ಪಾವತಿ ಗೇಟ್‌ವೇ ಕಳಿಸಿದ ಪೂರ್ತಿ ಉತ್ತರವನ್ನು ಹಾಗೇ ಇಟ್ಟುಕೊಂಡಂಥದ್ದು. ಪಟ್ಟಿಗೆ ಅದು ಬೇಡವಾದರೆ ಡಿಫರ್ ಮಾಡಿ, ಅಂದರೆ ಕ್ವೆರಿಯಿಂದ ಆ ಕಾಲಂ ಬಿಡಿ. ಡಿಫರ್ ಮಾಡಿ ಸೀರಿಯಲೈಸರ್‌ನ ಫೀಲ್ಡ್ ಪಟ್ಟಿಯಿಂದ ತೆಗೆಯುವುದನ್ನು ಮರೆತರೆ ಸಾಲಿಗೊಂದು ಕ್ವೆರಿ ಹೊಸದಾಗಿ ಹುಟ್ಟುತ್ತದೆ, 50 ಹೋಗಿ ಇನ್ನೊಂದು 50 ಬರುತ್ತದೆ. ಹೆಸರಿಸಿದ ಕಾಲಂಗಳನ್ನಷ್ಟೇ ತರುವ ಓನ್ಲಿ ಬಳಸಿದಾಗಲೂ ಇದೇ ಅಪಾಯ.

ಸಾಲಿಗೊಂದು ಕ್ವೆರಿ ಹೋಗುವುದನ್ನು ತಪ್ಪಿಸಲು, ಗ್ರಾಹಕ ಫಾರಿನ್ ಕೀ ಆದ್ದರಿಂದ ಸೆಲೆಕ್ಟ್_ರಿಲೇಟೆಡ್ (ಅದೇ ಕ್ವೆರಿಯಲ್ಲಿ ಜೋಡಿಸಿ ತರುತ್ತದೆ), ಐಟಂಗಳು ಹಲವಿರುವುದರಿಂದ ಪ್ರಿಫೆಚ್_ರಿಲೇಟೆಡ್ (ಎಲ್ಲವನ್ನೂ ಇನ್ನೊಂದೇ ಕ್ವೆರಿಯಲ್ಲಿ ತರುತ್ತದೆ). ಸೀರಿಯಲೈಸರ್ ಒಳಗೆ ಎಲ್ಲಾದರೂ ಐಟಂಗಳ ಮೇಲೆ ಫಿಲ್ಟರ್ ಅಥವಾ ಆರ್ಡರ್_ಬೈ ಕರೆದಿದ್ದರೆ ಪ್ರಿಫೆಚ್ ಮಾಡಿದ್ದು ವ್ಯರ್ಥ, ಅದು ಹೊಸ ಕ್ವೆರಿಸೆಟ್ ಆಗುತ್ತದೆ. ಫಿಲ್ಟರ್ ಬೇಕೇ ಬೇಕಾದರೆ ಪ್ರಿಫೆಚ್ ಆಬ್ಜೆಕ್ಟ್‌ಗೆ ಫಿಲ್ಟರ್ ಆದ ಕ್ವೆರಿಸೆಟ್ ಕೊಟ್ಟು, "ಟು_ಆಟ್ರ್" ಮೂಲಕ ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ.

ಯಾವ ಸಾಲಿನಿಂದ ಹೊರಟಿತು ಎಂಬ ನಿಮ್ಮ ಮೂರನೇ ಪ್ರಶ್ನೆ ಉಳಿದಿತ್ತು. ರ‍್ಯಾಪರ್ ಒಳಗೆ ಸಿಸ್ ಮಾಡ್ಯೂಲಿನ ಗೆಟ್‌ಫ್ರೇಮ್‌ನಿಂದ ಶುರುಮಾಡಿ ಒಂದೊಂದೇ ಫ್ರೇಮ್ ಮೇಲೆ ಹತ್ತುತ್ತಾ, ಫೈಲ್ ಪಾತ್ ನಿಮ್ಮ ಪ್ರಾಜೆಕ್ಟ್ ಫೋಲ್ಡರ್ ಒಳಗಿರುವ ಮೊದಲ ಫ್ರೇಮ್ ಸಿಕ್ಕಾಗ ನಿಲ್ಲಿ. ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆ ಬರೆದುಕೊಳ್ಳಿ. ರ‍್ಯಾಪರ್ ಇರುವ ಫೈಲನ್ನು ಬಿಟ್ಟುಬಿಡಿ, ಇಲ್ಲದಿದ್ದರೆ ಪ್ರತಿ ಸಲವೂ ಅದೇ ಸಿಗುತ್ತದೆ. ವರ್ಚುವಲ್ ಎನ್ವಿರಾನ್ಮೆಂಟ್ ಫೋಲ್ಡರ್ ಪ್ರಾಜೆಕ್ಟ್ ಒಳಗೇ ಇದ್ದರೆ ಸೈಟ್-ಪ್ಯಾಕೇಜಸ್ ಎಂದಿರುವ ಪಾತ್‌ಗಳನ್ನೂ ಬಿಡಬೇಕು. ಟ್ರೇಸ್‌ಬ್ಯಾಕ್ ಮಾಡ್ಯೂಲಿನ ಎಕ್ಸ್‌ಟ್ರಾಕ್ಟ್_ಸ್ಟ್ಯಾಕ್ ಬಳಸಿದರೂ ಆಗುತ್ತದೆ, ಆದರೆ ಅದು ಪ್ರತಿ ಫ್ರೇಮ್‌ನ ಮೂಲ ಪಠ್ಯವನ್ನೂ ಹುಡುಕುತ್ತದೆ, 100 ಕ್ವೆರಿ ಇರುವಲ್ಲಿ ಅಳೆಯುವ ಕೆಲಸವೇ ಭಾರವಾಗುತ್ತದೆ.

ಸಿಕ್ಕ ಸಾಲನ್ನು ಓದುವಾಗ ಒಂದು ತಿಳಿದಿರಲಿ. ಕ್ವೆರಿಸೆಟ್ ಸೋಮಾರಿ, ಬರೆದ ಜಾಗದಲ್ಲಿ ಓಡುವುದಿಲ್ಲ, ಬಳಸಿದ ಜಾಗದಲ್ಲಿ ಓಡುತ್ತದೆ. ಸೀರಿಯಲೈಸರ್‌ನಲ್ಲಿ ಫೀಲ್ಡ್ ಹೆಸರು ಘೋಷಿಸಿದ್ದಷ್ಟೇ ನಿಮ್ಮ ಕೋಡ್ ಆದರೆ, ಕ್ವೆರಿ ಹೊರಡುವುದು ಫ್ರೇಮ್‌ವರ್ಕ್‌ನ ಒಳಗಿಂದ. ಆಗ ನಿಮಗೆ ಸಿಗುವ ಮೊದಲ ಸಾಲು ವ್ಯೂನದ್ದೋ ಮಿಡಲ್‌ವೇರ್‌ನದ್ದೋ ಆಗಿರುತ್ತದೆ. ಅಂಥಲ್ಲಿ ಸಾಲಿಗಿಂತ ಎಸ್‌ಕ್ಯೂಎಲ್‌ನಲ್ಲಿರುವ ಟೇಬಲ್ ಹೆಸರೇ ಹೆಚ್ಚು ಹೇಳುತ್ತದೆ.

ಅಡಕೆತೋಟ:

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಎಸ್‌ಕ್ಯೂಎಲ್‌ಆಲ್ಕೆಮಿ (ಪೈಥಾನ್‌ನ ಇನ್ನೊಂದು ಓಆರ್‌ಎಂ) ಬಳಸುವ ಫಾಸ್ಟ್‌ಎಪಿಐ ಸರ್ವಿಸ್‌ನಲ್ಲಿ ಲಾಗರ್ ಲೆವೆಲ್ಲನ್ನು ಓಡುತ್ತಿರುವಾಗಲೇ ಬದಲಿಸಿದರೆ ಕ್ವೆರಿ ಬರುತ್ತಿಲ್ಲ. ಕ್ವೆರಿ ತೋರಿಸುವ ಎಕೋ ಆಯ್ಕೆಗೆ ಟ್ರೂ ಕೊಟ್ಟರೆ ಪ್ರತಿಯೊಂದೂ ಎರಡು ಸಲ ಬರುತ್ತದೆ. ಅಲ್ಲೂ ಇಂಥದೇ ಬಾಗಿಲುಗಳಿವೆಯೇ?

ತುಂಗಾದಡ:

ಇವೆ. "ಎಸ್‌ಕ್ಯೂಎಲ್‌ಆಲ್ಕೆಮಿ.ಎಂಜಿನ್" ಲಾಗರ್ ಇನ್ಫೊ ಲೆವೆಲ್‌ನಲ್ಲಿ ಕ್ವೆರಿ ಕೊಡುತ್ತದೆ, ಡೀಬಗ್ ಲೆವೆಲ್‌ನಲ್ಲಿ ಬಂದ ಸಾಲುಗಳನ್ನೂ ಕೊಡುತ್ತದೆ. ಪ್ರತಿ ಕ್ವೆರಿಗೂ ಲೆವೆಲ್ ಕೇಳುತ್ತಾ ಕೂರುವುದಿಲ್ಲ, ಪೂಲ್‌ನಿಂದ ಕನೆಕ್ಷನ್ ತೆಗೆದುಕೊಂಡಾಗ ಒಮ್ಮೆ ನೋಡಿ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ಈಗಾಗಲೇ ಹಿಡಿದಿಟ್ಟುಕೊಂಡ ಕನೆಕ್ಷನ್‌ಗೆ ನಿಮ್ಮ ಬದಲಾವಣೆ ತಿಳಿಯುವುದಿಲ್ಲ. ಎರಡು ಸಲ ಬರುವುದು ಏಕೆಂದರೆ ಎಕೋ ತಾನೇ ಒಂದು ಹ್ಯಾಂಡ್ಲರ್ ಹಾಕಿಕೊಳ್ಳುತ್ತದೆ, ನೀವು ಬೇಸಿಕ್‌ಕಾನ್ಫಿಗ್‌ನಿಂದ ರೂಟ್‌ಗೆ ಇನ್ನೊಂದು ಹಾಕಿರಬೇಕು. ಎಕೋ ತೆಗೆದು ಲಾಗರ್ ಲೆವೆಲ್ ಒಂದನ್ನೇ ಬಳಸಿ. ಮೌಲ್ಯಗಳು ಬೇಡವಾದರೆ ಎಂಜಿನ್ ಸೃಷ್ಟಿಸುವಾಗ "ಹೈಡ್_ಪ್ಯಾರಾಮೀಟರ್ಸ್" ಟ್ರೂ. ಸಾಲಿನಲ್ಲಿ ಬರುವ "ಕ್ಯಾಶ್ಡ್ ಸಿನ್ಸ್" ಎಂಬುದರ ಮುಂದಿನ ಸೆಕೆಂಡ್ ಕ್ವೆರಿಗೆ ಹಿಡಿದ ಸಮಯವಲ್ಲ. ಆ ಎಸ್‌ಕ್ಯೂಎಲ್ ಪಠ್ಯ ಕ್ಯಾಶ್‌ಗೆ ಸೇರಿ ಎಷ್ಟು ಹೊತ್ತಾಯಿತು ಎಂದು ಹೇಳುವುದಷ್ಟೇ. ಸಮಯ ಬೇಕಾದರೆ ಬಿಫೋರ್_ಕರ್ಸರ್_ಎಕ್ಸಿಕ್ಯೂಟ್, ಆಫ್ಟರ್_ಕರ್ಸರ್_ಎಕ್ಸಿಕ್ಯೂಟ್ ಎಂಬ ಎರಡು ಈವೆಂಟ್ ಹಿಡಿದು ನೀವೇ ಅಳೆಯಬೇಕು.

ಜೋಳದರೊಟ್ಟಿ:

ಹೊಂಗೆಮರ ಅವರ ಟೆಸ್ಟ್ ಪ್ರಶ್ನೆ ಹಂಗೇ ಉಳೀತು. ಸೆಟ್ಟಿಂಗ್ಸ್‌ನ್ಯಾಗ ಏನೇ ಇರ್ಲಿ, ಟೆಸ್ಟ್ ರನ್ನರ್ ಡೀಬಗ್ ಫಾಲ್ಸ್ ಮಾಡೇ ಓಡಸ್ತದ, ಅದಕ್ಕ ಬರೂದಿಲ್ಲ. ಡೀಬಗ್-ಎಸ್‌ಕ್ಯೂಎಲ್ ಅಂತ ಆಯ್ಕೆ ಕೊಟ್ರ ಬಿದ್ದ ಟೆಸ್ಟ್‌ಗಳ ಕ್ವೆರಿ ಕಾಣ್ತಾವ, ಜೋಡಿಗೆ ವರ್ಬೋಸಿಟಿ 2 ಕೊಟ್ರ ಪಾಸಾದವುಗಳದ್ದೂ.

ಮುಂದ ಇದು ಮರಳಿ ಬರಬಾರ್ದು ಅಂದ್ರ ಟೆಸ್ಟ್‌ನ್ಯಾಗ ಕ್ವೆರಿ ಎಣಸೋಕ ಕ್ಯಾಪ್ಚರ್‌ಕ್ವೆರೀಸ್‌ಕಾಂಟೆಕ್ಸ್ಟ್ ಹಿಡೀರಿ. ಅದು ತಾನೇ ಫೋರ್ಸ್_ಡೀಬಗ್_ಕರ್ಸರ್ ಹಚ್ಕೊಂತದ, ಡೀಬಗ್ ಫಾಲ್ಸ್ ಇದ್ರೂ ನಡೀತದ. "5 ಕ್ವೆರಿ ಇರಬೇಕು" ಅಂತ ಸಂಖ್ಯೆ ಕಟ್ಟಿಹಾಕಿದ್ರ ನಾಳೆ ಯಾರೋ ಒಂದು ಮಿಡಲ್‌ವೇರ್ ಸೇರಿಸಿದ್ದಕ್ಕ ಟೆಸ್ಟ್ ಬೀಳ್ತದ, ಜನ ಸುಮ್ಮನ 6 ಮಾಡಿ ಮುಂದ ಹೋಗ್ತಾರ. ಅದರ ಬದಲಿ 2 ಆರ್ಡರ್ ಇಟ್ಟು ಒಮ್ಮೆ ಎಣಸ್ರಿ, 10 ಆರ್ಡರ್ ಇಟ್ಟು ಮತ್ತೊಮ್ಮೆ ಎಣಸ್ರಿ, ಎರಡೂ ಸಮ ಇರ್ಬೇಕು ಅಂತ ಪರೀಕ್ಷೆ ಬರೀರಿ. ಪ್ರತಿ ಆರ್ಡರ್‌ಗೂ ಬ್ಯಾರೆ ಬ್ಯಾರೆ ಗ್ರಾಹಕ, ಕಡಿಮೆ ಅಂದ್ರ ಎರಡೆರಡು ಐಟಂ ಇರ್ಲಿ. ಎಣಸೋಕ ಮುಂಚೆ ಎಪಿಐನ ಒಂದು ಸಲ ಸುಮ್ಮನ ಕರೀರಿ. ಕಂಟೆಂಟ್‌ಟೈಪ್‌ನಂಥವು ಮೊದಲ ಸಲ ಕ್ವೆರಿ ಹಾಕಿ ಆಮ್ಯಾಲ ನೆನಪಿಟ್ಕೊಂತಾವ, ಅದರಿಂದ ಮೊದಲನೇ ಎಣಿಕಿ ಒಂದೆರಡು ಹೆಚ್ಚು ಬರ್ತದ.

ಹೊಂಗೆಮರ:

ಪೋಸ್ಟ್‌ಗ್ರೆಸ್ ಲಾಗ್ ತೆಗೆದು ನೋಡಿದೆ. ಗ್ರಾಹಕ ಕ್ವೆರಿಗೆ ಅಲ್ಲಿ 0.15 ಮಿಲಿಸೆಕೆಂಡ್ ಆಸುಪಾಸು, ಆಪ್‌ನಲ್ಲಿ 11ರ ಮೇಲೆ. ಸ್ಟೇಜಿಂಗ್‌ನ ಡೇಟಾಬೇಸ್ ಬೇರೆ ರೀಜನ್‌ನಲ್ಲಿದೆ ಎಂದು ಇನ್‌ಫ್ರಾ ತಂಡ ಖಚಿತಪಡಿಸಿತು. ಆರ್ಡರ್ ಮಾಡೆಲ್‌ನಲ್ಲಿ ಪಾವತಿ ವಿವರದ ದೊಡ್ಡ ಜೇಸನ್ ಫೀಲ್ಡ್ ಇತ್ತು, ಸೀರಿಯಲೈಸರ್‌ನಲ್ಲಿ ಎಲ್ಲ ಫೀಲ್ಡ್ ಎಂದು ಬರೆದಿದ್ದರಿಂದ ಅದೂ ಪ್ರತಿ ಸಲ ಹೋಗುತ್ತಿತ್ತು.

ಸೆಲೆಕ್ಟ್_ರಿಲೇಟೆಡ್, ಪ್ರಿಫೆಚ್_ರಿಲೇಟೆಡ್, ಡಿಫರ್ ಮೂರೂ ಹಾಕಿ, ಸೀರಿಯಲೈಸರ್‌ನಲ್ಲಿ ಬೇಕಾದ ಫೀಲ್ಡ್‌ಗಳನ್ನಷ್ಟೇ ಹೆಸರಿಸಿದ ಮೇಲೆ 104 ಇದ್ದದ್ದು 5 ಕ್ವೆರಿ ಆಯಿತು. ಸ್ಟೇಜಿಂಗ್‌ನಲ್ಲಿ ಪುಟ 0.3 ಸೆಕೆಂಡ್‌ಗೆ ಬರುತ್ತಿದೆ. ಕಾನ್_ಮ್ಯಾಕ್ಸ್_ಏಜ್ ಇನ್ನೂ 0 ಇದೆ, ನಡುವೆ ಪಿಜಿಬೌನ್ಸರ್ ಹಾಕುವ ಮಾತು ನಡೆದಿರುವುದರಿಂದ ಸದ್ಯಕ್ಕೆ ಮುಟ್ಟಿಲ್ಲ. 2 ಮತ್ತು 10 ಆರ್ಡರ್‌ಗಳ ಟೆಸ್ಟ್ ಬರೆದಿದ್ದೇನೆ. ಪ್ರಿಫೆಚ್ ಸಾಲನ್ನು ಬೇಕೆಂದೇ ತೆಗೆದು ಓಡಿಸಿದೆ, ಟೆಸ್ಟ್ ಬಿತ್ತು.

ತುಂಗಾದಡ:

ಪಿಜಿಬೌನ್ಸರ್ ಅನ್ನು ಟ್ರಾನ್ಸಾಕ್ಷನ್ ಮೋಡ್‌ನಲ್ಲಿ (ಒಂದು ಟ್ರಾನ್ಸಾಕ್ಷನ್ ಮುಗಿಯುವವರೆಗೆ ಮಾತ್ರ ಕನೆಕ್ಷನ್ ಕೊಡುವ ಬಗೆ) ಹಾಕುವುದಾದರೆ ಜ್ಯಾಂಗೊದಲ್ಲಿ "ಡಿಸೇಬಲ್_ಸರ್ವರ್_ಸೈಡ್_ಕರ್ಸರ್ಸ್" ಟ್ರೂ ಮಾಡಿ. ಇಲ್ಲದಿದ್ದರೆ ಇಟರೇಟರ್ ಬಳಸಿದ ಕಡೆ ಕರ್ಸರ್ ಸಿಗುತ್ತಿಲ್ಲ ಎಂಬ ಎರರ್ ಆಗಾಗ ಬರುತ್ತದೆ, ಪ್ರತಿ ಸಲ ಬರುವುದಿಲ್ಲವಾದ್ದರಿಂದ ಹುಡುಕುವುದು ಬಹಳ ಕಷ್ಟ.